ನಲವತ್ತು ಡಿಗ್ರಿ ಬಿಸಿಲಿನ ಊರಲ್ಲಿ ಕಪ್ಪು-ಬಿಳುಪು ರೋಲ್ ತೊಳೆಯುವುದು

ಫಿಲ್ಮ್ ಡಬ್ಬಿಯ ಮೇಲೂ, ಚಿತ್ರ ಮೂಡಿಸುವ ಡೆವಲಪರ್ ಪೊಟ್ಟಣದ ಮೇಲೂ ಬರೆದಿರುವುದು 20 ಡಿಗ್ರಿ ಸೆಲ್ಸಿಯಸ್. ಮಾರ್ಚ್ ದಾಟಿದರೆ ಬಳ್ಳಾರಿಯಲ್ಲಾಗಲಿ ರಾಯಚೂರಿನಲ್ಲಾಗಲಿ ಆ 20 ಸಿಗುವುದು ಫ್ರಿಜ್ಜಿನೊಳಗೆ ಮಾತ್ರ. ಮಧ್ಯಾಹ್ನ ಮಾಳಿಗೆ ಮೇಲಿನ ಟ್ಯಾಂಕಿನ ನೀರಿಗೆ ಕೈ ಇಡಲಾಗುವುದಿಲ್ಲ. ಹಾಗಾಗಿ 20ರ ಹಟ ಬಿಟ್ಟು 24ಕ್ಕೆ ನಿಲ್ಲುವುದು ಒಳ್ಳೆಯದು. 24 ಡಿಗ್ರಿಯಲ್ಲಿ ತೊಳೆದ ನೆಗೆಟಿವ್‌ಗೆ ಯಾವ ಕೊರತೆಯೂ ಇರುವುದಿಲ್ಲ, ಸಮಯ ಕಡಿಮೆ ಮಾಡಿಕೊಂಡರೆ ಸಾಕು.

ಕೆಡುವುದು ಬೇರೆ ಕಡೆ. ಐಸ್ ಹಾಕಿ ಡೆವಲಪರನ್ನು ಜೋಪಾನವಾಗಿ ತಣ್ಣಗೆ ಮಾಡಿಕೊಳ್ಳುತ್ತಾರೆ, ಮೂಡಿದ ಚಿತ್ರ ಬೆಳಕಿಗೆ ಕೆಡದಂತೆ ಮಾಡುವ ಫಿಕ್ಸರನ್ನೂ ಮಾಡಿಕೊಳ್ಳುತ್ತಾರೆ, ಕೊನೆಗೆ ಆ ರಾಸಾಯನಿಕ ತೊಳೆಯಲು ಮಾತ್ರ ನಲ್ಲಿ ತಿರುಗಿಸುತ್ತಾರೆ. 24ರಲ್ಲಿದ್ದ ಫಿಲ್ಮಿನ ಮೇಲೆ 38ರ ನೀರು ಬೀಳುತ್ತದೆ. ನೆನೆದು ಉಬ್ಬಿರುವ ಜೆಲಾಟಿನ್ ಪದರ ಇದ್ದಕ್ಕಿದ್ದಂತೆ ಎಳೆದಾಡಿ ಸುಕ್ಕುಗಟ್ಟುತ್ತದೆ. ಒಣಗಿದ ಮೇಲೆ ಭೂತಗನ್ನಡಿ ಹಿಡಿದು ನೋಡಿದರೆ ಬೇಸಿಗೆಯ ಎರೆ ಹೊಲದ ಬಿರುಕಿನಂಥ ಜಾಲ ಕಾಣುತ್ತದೆ. ಇದನ್ನು ರೆಟಿಕ್ಯುಲೇಶನ್ ಎನ್ನುತ್ತಾರೆ, ಒಮ್ಮೆ ಆದರೆ ಸರಿಪಡಿಸಲು ಬರುವುದಿಲ್ಲ. ಈಗಿನ ಫಿಲ್ಮುಗಳ ಪದರ ಮೊದಲಿಗಿಂತ ಗಟ್ಟಿ ನಿಜ, ಆದರೂ ಅದರ ಸಹನೆಯನ್ನು ಪರೀಕ್ಷೆ ಮಾಡಬೇಡಿ. ಡೆವಲಪರ್‌ನಿಂದ ಕೊನೆಯ ನೀರಿನ ತನಕ ಎಲ್ಲವೂ ಒಂದೆರಡು ಡಿಗ್ರಿಯೊಳಗೇ ಇರಬೇಕು.

ಅದಕ್ಕೆ ಉಪಾಯ ಇಷ್ಟೇ: ರೋಲಿಗೆ ಬೇಕಾದ ಎಲ್ಲ ನೀರನ್ನೂ ಮೊದಲೇ ಅಳೆದು, ಬಾಟಲಿಗಳಲ್ಲಿ ತುಂಬಿ, ಒಂದೇ ಟಬ್ಬಿನಲ್ಲಿ ನಿಲ್ಲಿಸಿಬಿಡುವುದು. 35 ಎಂಎಂ ರೋಲ್ ಒಂದಕ್ಕೆ ಪ್ಯಾಟರ್ಸನ್ ಟ್ಯಾಂಕಿನಲ್ಲಿ, ಅಂದರೆ ಬೆಳಕು ನುಗ್ಗದ ಪ್ಲಾಸ್ಟಿಕ್ ಡಬ್ಬಿಯಲ್ಲಿ, 290 ಎಂಎಲ್ ಬೇಕು. 300 ಎಂದು ಹಿಡಿಯಿರಿ. ಅಗಲ ಫಿಲ್ಮಿನ 120 ರೋಲಿಗೆ 500. ಡೆವಲಪರ್, ಅದರ ಕೆಲಸ ನಿಲ್ಲಿಸುವ ಸ್ಟಾಪ್, ಫಿಕ್ಸರ್, ಮೂರು ಸಲ ತೊಳೆಯುವ ನೀರು, ಕೊನೆಯ ಒಂದು ಅದ್ದು ಸೇರಿ ಒಂದು 35 ಎಂಎಂ ರೋಲಿಗೆ ಎರಡು ಲೀಟರ್ ಚಿಲ್ಲರೆ. ನೀರು ಬಿಡುವ ದಿನಕ್ಕೆ ಕಾಯುವ ಮನೆಗೂ ಇದು ಹೊರೆಯಲ್ಲ.

ಟಬ್ಬಿಗೆ ಹತ್ತು ಲೀಟರ್ ನೀರು. ಅದು 32 ಡಿಗ್ರಿ ಇದ್ದರೆ 24ಕ್ಕೆ ತರಲು ಸುಮಾರು ಮುಕ್ಕಾಲು ಕೆಜಿ ಐಸ್ ಹಿಡಿಯುತ್ತದೆ. ಬಾಟಲಿಗಳೂ ಶಾಖ ಹಿಡಿದಿರುವುದರಿಂದ ಒಂದು ಕೆಜಿ ಇಟ್ಟುಕೊಳ್ಳಿ. ಐಸನ್ನು ಚೀಲದಲ್ಲಿ ಕಟ್ಟಿ ಬಿಟ್ಟರೆ ಬೇಕಾದಾಗ ಎತ್ತಬಹುದು, ಡೆವಲಪರಿನೊಳಗೆ ನೇರ ಹಾಕಿದರೆ ಅಳತೆ ಕೆಡುತ್ತದೆ. ಬಿರುಬೇಸಿಗೆಯ ಒಣ ಗಾಳಿಯಲ್ಲಿ ಮಣ್ಣಿನ ಗಡಿಗೆಯ ನೀರು ಐಸಿಲ್ಲದೆಯೇ 27ರ ಹತ್ತಿರ ಬರುತ್ತದೆ, ರಾತ್ರಿಯಿಡೀ ಇಟ್ಟರೆ ಇನ್ನೂ ತಂಪು. ಜುಲೈ-ಆಗಸ್ಟಿನ ಹಸಿ ಹವೆಯಲ್ಲಿ ಗಡಿಗೆ ಅಷ್ಟು ಕೆಲಸ ಮಾಡುವುದಿಲ್ಲ. ಡಿಸೆಂಬರ್-ಜನವರಿಯಲ್ಲಿ ಬೆಳಗಿನ ನಲ್ಲಿ ನೀರೇ ಸಾಕಾಗುತ್ತದೆ, ಈ ಗೊಡವೆ ಬೇಡ.

ಥರ್ಮಾಮೀಟರ್ ಒಂದೇ ಇರಲಿ. ಜ್ವರ ನೋಡುವುದು ಇಲ್ಲಿ ಬರುವುದಿಲ್ಲ, ಅದು 35ರಿಂದ ಆಚೆಯದು. ಲ್ಯಾಬಿನ ಗಾಜಿನ ಕಡ್ಡಿ ಒಳ್ಳೆಯದು. ಪುಡಿ ಐಸಿಗೆ ಸ್ವಲ್ಪ ನೀರು ಹಾಕಿ ಕಲಕಿ ಅದ್ದಿದರೆ ಸೊನ್ನೆ ತೋರಿಸಬೇಕು.

ಯಾವ ನೀರು, ಯಾವುದಕ್ಕೆ

ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಒಲೆಯ ಮೇಲಿಟ್ಟ ಪಾತ್ರೆಗೆ ಬಿಳಿ ಪಾಚು ಕಟ್ಟಿಸುವ ಅದೇ ಸುಣ್ಣ ಡೆವಲಪರಿನಲ್ಲಿ ಬಿಳಿ ಕೆಸರಾಗಿ ತಳಕ್ಕೆ ಕೂರುತ್ತದೆ, ಒಣಗುವಾಗ ಫಿಲ್ಮಿನ ಮೇಲೆ ಹನಿಯ ಗುರುತಾಗಿ ಉಳಿಯುತ್ತದೆ. ಡೆವಲಪರ್ ಕಲಸಲು ಮತ್ತು ಕೊನೆಯ ಅದ್ದಿಗೆ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಬಳಸಿ. ಕೊನೆಯ ಅದ್ದಿಗೆ ಮೆಕ್ಯಾನಿಕ್ ಅಂಗಡಿಯ ಬ್ಯಾಟರಿ ನೀರು ಅದಕ್ಕಿಂತ ಮೇಲು, ಆದರೆ ಬಾಟಲಿ ಮೇಲೆ ಡಿಸ್ಟಿಲ್ಡ್ ಅಥವಾ ಡಿಮಿನರಲೈಸ್ಡ್ ವಾಟರ್ ಎಂದಿರಬೇಕು. ಆಸಿಡ್ ಬೆರೆತದ್ದೂ ಅದೇ ಅಂಗಡಿಯಲ್ಲಿ ಇರುತ್ತದೆ. ಸ್ಟಾಪ್, ಫಿಕ್ಸರ್ ಮತ್ತು ನಡುವಿನ ತೊಳೆತಕ್ಕೆ ಬೋರ್ ನೀರು ನಡೆಯುತ್ತದೆ, ಹಳೆಯ ಬಟ್ಟೆಯಲ್ಲಿ ಸೋಸಿಕೊಂಡರೆ ಸಾಕು.

ಡೆವಲಪರ್ ಕಲಸುವುದು

ಸಿದ್ಧ ಪೊಟ್ಟಣ ಸಿಕ್ಕರೆ ಸರಿ, ಸಿಗದಿದ್ದರೆ ಡಿ-76 ಕೈಯಾರೆ ಮಾಡಬಹುದು. 1927ರ ಕೊಡಾಕ್ ಸೂತ್ರ ಇದು, ಇವತ್ತಿಗೂ ಇದಕ್ಕೆ ಹೋಲಿಸಿಯೇ ಉಳಿದವನ್ನು ಅಳೆಯುತ್ತಾರೆ. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ನೀರಿಲ್ಲದ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೊರಾಕ್ಸ್ 2 ಗ್ರಾಂ. ಬೊರಾಕ್ಸ್ ಎಂದರೆ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರ. ಉಳಿದವು ಕಾಲೇಜು ಲ್ಯಾಬುಗಳಿಗೆ ಸಾಮಾನು ಕೊಡುವ ಅಂಗಡಿಯಲ್ಲಿ ಸಿಗುತ್ತವೆ. ಸಲ್ಫೈಟ್ ಕೇಳಿದರೆ ಸಲ್ಫೇಟ್ ಕೊಡುವುದು, ಇಲ್ಲವೆ ಬೈಸಲ್ಫೈಟ್ ಕೊಡುವುದು ದಿನನಿತ್ಯದ ಮಾತು. ಚೀಟಿಯ ಮೇಲಿನ ಹೆಸರನ್ನು ಅಕ್ಷರ ಅಕ್ಷರ ಓದಿಯೇ ತನ್ನಿ.

ಮುಕ್ಕಾಲು ಲೀಟರ್ ಕ್ಯಾನ್ ನೀರನ್ನು 50 ಡಿಗ್ರಿಗೆ ಕಾಯಿಸಿ. ಮೊದಲು ಒಂದು ಚಿಟಿಕೆ ಸಲ್ಫೈಟ್, ಅದು ಕರಗಿದ ಮೇಲೆ ಮೆಟಾಲ್ ಪೂರ್ತಿ, ಆಮೇಲೆ ಉಳಿದ ಸಲ್ಫೈಟ್, ಹೈಡ್ರೋಕ್ವಿನೋನ್, ಕೊನೆಗೆ ಬಿಳಿಗಾರ. ಈ ಸರತಿ ತಪ್ಪಬಾರದು. ಸಲ್ಫೈಟ್ ಪೂರ್ತಿ ಇರುವ ನೀರಿನಲ್ಲಿ ಮೆಟಾಲ್ ಕರಗದೆ ತೇಲುತ್ತದೆ. ಸಲ್ಫೈಟ್ ಸ್ವಲ್ಪವೂ ಇಲ್ಲದಿದ್ದರೆ ಗಾಳಿಗೆ ಸೋತು ಕಂದಾಗುತ್ತದೆ. ಒಂದೊಂದೂ ಪೂರ್ತಿ ಕರಗಿದ ಮೇಲೆ ಮುಂದಿನದು. ಕೊನೆಗೆ ನೀರು ಸೇರಿಸಿ ಒಂದು ಲೀಟರ್ ಮಾಡಿ. 2 ಗ್ರಾಂ ತೂಗಲು ಅಡುಗೆಮನೆಯ ತಕ್ಕಡಿ ಆಗದು, 0.1 ಗ್ರಾಮಿನ ಕಿಸೆ ತಕ್ಕಡಿಯಾದರೂ ಬೇಕು. ಮೆಟಾಲ್ ಕೆಲವರ ಚರ್ಮಕ್ಕೆ ತುರಿ ಎಬ್ಬಿಸುತ್ತದೆ, ಕೈಗವಸು ಹಾಕಿ, ಫ್ಯಾನ್ ಆರಿಸಿ. ಈ ಕೆಲಸಕ್ಕೆ ಎತ್ತಿದ ಪಾತ್ರೆ, ಚಮಚ ಮತ್ತೆ ಅಡುಗೆಗೆ ಹೋಗಬಾರದು. ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡಲೂಬಾರದು, ಮನೆಯಲ್ಲಿ ಮಕ್ಕಳಿರುತ್ತಾರೆ.

ಕಂದು ಗಾಜಿನ ಚಿಕ್ಕ ಬಾಟಲಿಗಳಲ್ಲಿ ಕಂಠಮಟ್ಟ ತುಂಬಿ ಬಿರಡೆ ಬಿಗಿಯಿರಿ. ತುಂಬಿದ ಬಾಟಲಿ ಆರು ತಿಂಗಳು ತಾಳುತ್ತದೆ ಎಂಬ ಲೆಕ್ಕ ತಂಪು ಕೋಣೆಯದು. ತಗಡಿನ ಮನೆಯ ಮೇ ತಿಂಗಳಿಗೆ ಆ ಲೆಕ್ಕ ಇಲ್ಲ, ಎರಡು ತಿಂಗಳಿಗೆ ಆಗುವಷ್ಟೇ ಕಲಸಿ. ಚಹಾ ಬಣ್ಣಕ್ಕೆ ತಿರುಗಿದ್ದನ್ನು ಚೆಲ್ಲಿ.

ಫಿಕ್ಸರ್‌ಗೆ ಹರಳು ಹೈಪೋ (ಸೋಡಿಯಂ ಥಯೋಸಲ್ಫೇಟ್) 250 ಗ್ರಾಂ, ಸೋಡಿಯಂ ಸಲ್ಫೈಟ್ 15 ಗ್ರಾಂ, ನೀರು ಸೇರಿ ಒಂದು ಲೀಟರ್. ಹೈಪೋ ಕರಗುವಾಗ ಶಾಖ ಎಳೆದುಕೊಳ್ಳುತ್ತದೆ, ಬಾಟಲಿ ಕೈಗೆ ತಣ್ಣಗೆ ಹತ್ತುತ್ತದೆ. 34ರ ನೀರಿನಲ್ಲಿ ಕಲಸಿದ್ದು 25ರ ಸುತ್ತ ಇಳಿಯುತ್ತದೆ. ನಮ್ಮ ಬಿಸಿಲಿಗೆ ಪುಕ್ಕಟೆ ಸಿಗುವ ಅನುಕೂಲ ಇದೊಂದೇ. ಸ್ಟಾಪ್‌ಗೆ ಕಿರಾಣಿ ಅಂಗಡಿಯ ಬಣ್ಣವಿಲ್ಲದ 4 ಶೇಕಡಾ ವಿನೆಗರ್ ಒಂದು ಪಾಲಿಗೆ ನೀರು ಮೂರು ಪಾಲು.

ರೀಲಿಗೆ ಸುತ್ತುವಾಗ ಬೆವರು

ಫಿಲ್ಮನ್ನು ಕತ್ತಲಲ್ಲಿ ಟ್ಯಾಂಕಿನ ರೀಲಿಗೆ ಸುತ್ತುವ ಚೇಂಜಿಂಗ್ ಬ್ಯಾಗಿನೊಳಗೆ ಕೈ ಹಾಕಿ ಐದು ನಿಮಿಷಕ್ಕೆ ಒಳಗೆಲ್ಲ ಹಬೆ. ತೇವ ತಾಗಿದ ಫಿಲ್ಮ್ ಅಂಟಂಟಾಗಿ, ಪ್ಲಾಸ್ಟಿಕ್ ರೀಲಿನ ತೋಡಿನಲ್ಲಿ ಅರ್ಧಕ್ಕೆ ನಿಂತುಬಿಡುತ್ತದೆ. ಜೋರು ಮಾಡಿ ತಳ್ಳಿದರೆ ಫಿಲ್ಮ್ ಮುರಿದು, ನೆಗೆಟಿವಿನ ಮೇಲೆ ಉಗುರು ಊರಿದಂಥ ಅರ್ಧಚಂದ್ರದ ಗುರುತು ಬೀಳುತ್ತದೆ. ಸುತ್ತುವ ಕೆಲಸ ಬೆಳಗಿನ ಐದಕ್ಕೆ ಮುಗಿಸಿಡಿ. ಮುಚ್ಚಿದ ಟ್ಯಾಂಕಿನಲ್ಲಿ ರೋಲ್ ಸಂಜೆ ತನಕ ನಿಶ್ಚಿಂತೆಯಾಗಿ ಇರುತ್ತದೆ. ನೀರಿನ ಕೂಲರ್ ಇರುವ ಕೋಣೆ ಬೇಡ, ಅದು ತಂಪಿನ ಜೊತೆ ತೇವವನ್ನೂ ತುಂಬುತ್ತದೆ. ರೀಲನ್ನು ಹಿಂದಿನ ದಿನವೇ ಒಣಗಿಸಿ. ಒಂದು ಹನಿ ಉಳಿದಿದ್ದರೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಫಿಲ್ಮಿನ ತುದಿಯ ಎರಡೂ ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಕತ್ತರಿಸಿ. ನಡುವೆ ಸಿಕ್ಕಿಕೊಂಡರೆ ಎಲ್ಲವನ್ನೂ ಟ್ಯಾಂಕಿಗೆ ಹಾಕಿ ಮುಚ್ಚಳ ಬಿಗಿದು, ಕೈ ಹೊರತೆಗೆದು ಒರೆಸಿಕೊಂಡು, ಹತ್ತು ನಿಮಿಷ ಬಿಟ್ಟು ಮತ್ತೆ ಹಿಡಿಯಿರಿ. ಫ್ರಿಜ್ಜಿನಲ್ಲಿಟ್ಟ ರೋಲನ್ನು ಡಬ್ಬಿ ತೆಗೆಯದೆ ಎರಡು ತಾಸು ಹೊರಗಿಡಿ, ಇಲ್ಲವಾದರೆ ಅದೂ ಬೆವರುತ್ತದೆ.

ತೊಳೆಯುವ ಸರತಿ

ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ಫಿಲ್ಮನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಡಿ-76 ಒಂದು ಪಾಲಿಗೆ ನೀರು ಒಂದು ಪಾಲು ಸೇರಿಸಿದರೆ 20 ಡಿಗ್ರಿಯಲ್ಲಿ 11 ನಿಮಿಷ. ಒಂದು ಡಿಗ್ರಿ ಏರಿದರೆ ಸಮಯ ಸುಮಾರು ಹತ್ತರಲ್ಲೊಂದು ಪಾಲು ಇಳಿಯುತ್ತದೆ, ಆ ಲೆಕ್ಕದಲ್ಲಿ 24ಕ್ಕೆ ಏಳೂಕಾಲರಿಂದ ಏಳೂವರೆ ನಿಮಿಷ. ಐದು ನಿಮಿಷಕ್ಕಿಂತ ಕಡಿಮೆ ಬರುವ ಲೆಕ್ಕವನ್ನು ನಂಬಬೇಡಿ. ಡೆವಲಪರ್ ಸುರಿಯುವ, ಬಸಿಯುವ ಕೆಲ ಸೆಕೆಂಡುಗಳ ಹೆಚ್ಚುಕಡಿಮೆಯೇ ಆಕಾಶದಲ್ಲಿ ಪಟ್ಟೆಯಾಗಿ ಕಾಣುತ್ತದೆ. ಕರೆಂಟಿಲ್ಲ, ಐಸಿಲ್ಲ, ನೀರು 28ರಿಂದ ಇಳಿಯುತ್ತಿಲ್ಲ ಎಂದಾದರೆ ಒಂದಕ್ಕೆ ಮೂರು ಪಾಲು ನೀರು ಹಾಕಿ, 9 ನಿಮಿಷದಿಂದ ಶುರು ಮಾಡಿ ನೋಡಬಹುದು. ಆಗ ರೋಲಿಗೆ ಕನಿಷ್ಠ 100 ಎಂಎಲ್ ಮೂಲ ದ್ರಾವಣ ಬೀಳಬೇಕು, ಅಂದರೆ ಒಟ್ಟು 400. ಎರಡು ರೀಲಿನ ಟ್ಯಾಂಕಿನಲ್ಲಿ ಒಂದೇ ರೋಲ್ ಹಾಕಿ, ಕಾಲಿ ರೀಲನ್ನು ಮೇಲಿಟ್ಟು ತೊಳೆಯಿರಿ.

ಹೊರಗೆ 38 ಇರುವ ದಿನ ಡೆವಲಪರನ್ನು 23.5ಕ್ಕೆ ಸುರಿಯಿರಿ, ಮುಗಿಯುವ ಹೊತ್ತಿಗೆ ತಾನೇ ಏರಿರುತ್ತದೆ. ಸುರಿದ ತಕ್ಷಣ ಹತ್ತು ಸೆಕೆಂಡಿನಲ್ಲಿ ನಾಲ್ಕು ಸಲ ಬೋರಲು ಹಾಕಿ ಎತ್ತಿ, ಟ್ಯಾಂಕಿನ ತಳವನ್ನು ಮೆಲ್ಲಗೆ ಎರಡು ಸಲ ಕುಟ್ಟಿ. ಅಂಟಿಕೊಂಡ ಗಾಳಿಗುಳ್ಳೆ ಬಿಡದಿದ್ದರೆ ದುಂಡನೆಯ ತಿಳಿ ಚುಕ್ಕೆ ಉಳಿಯುತ್ತದೆ. ಆಮೇಲೆ ಪ್ರತಿ ನಿಮಿಷದ ಮೊದಲ ಹತ್ತು ಸೆಕೆಂಡ್ ಹೀಗೇ. ನಡುವಿನ ಹೊತ್ತು ಟ್ಯಾಂಕ್ ಕೈಯಲ್ಲಿರಬಾರದು, ಟಬ್ಬಿನಲ್ಲಿ ಕುತ್ತಿಗೆ ತನಕ ಮುಳುಗಿರಲಿ. ಬಿಸಿ ಅಂಗೈ ಏಳು ನಿಮಿಷದಲ್ಲಿ ಒಂದು ಡಿಗ್ರಿ ಏರಿಸಿಬಿಡುತ್ತದೆ. ಹತ್ತು ಸೆಕೆಂಡ್ ಮುಂಚೆ ಬಸಿಯಲು ಶುರು ಮಾಡಿ. ಬೆರೆಸಿದ ಡೆವಲಪರ್ ಒಂದೇ ಸಲಕ್ಕೆ, ಚೆಲ್ಲಿಬಿಡಿ.

ಸ್ಟಾಪ್ ಅರ್ಧ ನಿಮಿಷ. ಫಿಕ್ಸರ್ ಹತ್ತು ನಿಮಿಷ, ಆಗಾಗ ಕುಲುಕುತ್ತ. ಅದಕ್ಕೆ ಮೊದಲು ಕತ್ತರಿಸಿದ ಫಿಲ್ಮಿನ ತುಂಡೊಂದನ್ನು ಫಿಕ್ಸರಿನಲ್ಲಿ ಅದ್ದಿ ಎಷ್ಟು ಹೊತ್ತಿಗೆ ತಿಳಿಯಾಗುತ್ತದೆ ನೋಡಿ, ಅದರ ಎರಡರಷ್ಟು ಕಡೇಪಕ್ಷ ಬೇಕು. ಹೊಸದಿದ್ದಾಗ ಹಿಡಿದ ಸಮಯದ ದುಪ್ಪಟ್ಟು ಹಿಡಿಯತೊಡಗಿದರೆ ಆ ಬಾಟಲಿ ಮುಗಿಯಿತು. ಫಿಲ್ಮ್ ಮಂಜುಮಂಜಾಗಿ ಬಂದರೆ ಗಾಬರಿ ಬೇಡ, ಹೊಸ ಫಿಕ್ಸರಿಗೆ ಮತ್ತೆ ಹಾಕಿ.

ತೊಳೆಯಲು ನಲ್ಲಿ ಬಿಟ್ಟು ಅರ್ಧ ತಾಸು ನಿಲ್ಲಬೇಕಿಲ್ಲ. ಟಬ್ಬಿನಲ್ಲಿ ಕಾದಿರಿಸಿದ ನೀರು ತುಂಬಿ ಐದು ಸಲ ಬೋರಲು, ಚೆಲ್ಲಿ. ಮತ್ತೆ ತುಂಬಿ ಹತ್ತು, ಚೆಲ್ಲಿ. ಮತ್ತೆ ತುಂಬಿ ಇಪ್ಪತ್ತು. ಪಟಿಕ ಬೆರೆಸಿದ ಗಟ್ಟಿ ಮಾಡುವ ಫಿಕ್ಸರ್ ಬಳಸಿದ್ದರೆ ಈ ಮೂರು ನೀರು ಸಾಲದು, ಅದನ್ನು ದೂರ ಇಡುವುದಕ್ಕೆ ಅದೂ ಒಂದು ಕಾರಣ.

ಧೂಳು

ಸಂಡೂರು ಕಡೆ ಅದಿರಿನ ಕೆಂಪು ಪುಡಿ, ಗಂಗಾವತಿ-ಕಾರಟಗಿ ಕಡೆ ಗಿರಣಿ ಹೊಟ್ಟಿನ ಕರಿ ಬೂದಿ. ಹಸಿ ಜೆಲಾಟಿನ್ನಿನ ಮೇಲೆ ಕೂತದ್ದು ಒಣಗಿದ ಮೇಲೆ ಊದಿದರೂ ಒರೆಸಿದರೂ ಹೋಗದು, ಪ್ರಿಂಟಿನಲ್ಲಿ ಬಿಳಿ ಚುಕ್ಕೆಯಾಗಿ ಬರುತ್ತದೆ. ಒಣಗಿಸಲು ಬಚ್ಚಲಮನೆಗಿಂತ ಒಳ್ಳೆಯ ಜಾಗ ಇಲ್ಲ. ಗೋಡೆ, ನೆಲಕ್ಕೆಲ್ಲ ನೀರು ಹೊಡೆದು ಕಾಲು ತಾಸು ಬಿಡಿ, ತೇಲುವ ಧೂಳು ಕೆಳಗೆ ಕೂರುತ್ತದೆ. ಗವಾಕ್ಷಿಗೆ ಒದ್ದೆ ಬಟ್ಟೆ ಕಟ್ಟಿ. ಬ್ಯಾಟರಿ ನೀರಿಗೆ, ನೀರು ಹನಿಗಟ್ಟದೆ ಜಾರುವಂತೆ ಮಾಡುವ ಫೋಟೋಫ್ಲೋ ಇನ್ನೂರಕ್ಕೊಂದು ಪಾಲು ಹಾಕಿ ಅರ್ಧ ನಿಮಿಷ ಅದ್ದಿ, ಬೆರಳಿನಿಂದ ಸೀಟದೆ ಹಾಗೇ ತೂಗುಹಾಕಿ, ಕೆಳಗೆ ಬಟ್ಟೆಯ ಕ್ಲಿಪ್ಪು. ಬಾಗಿಲು ಹಾಕಿ ಎರಡು ಮೂರು ತಾಸು ಯಾರೂ ಒಳಗೆ ಹೋಗಬಾರದು. ಮನೆಯವರ ಸ್ನಾನ ಮುಗಿದ ಮೇಲೆಯೇ ಇದನ್ನು ಇಟ್ಟುಕೊಳ್ಳುವುದು ಜಾಣತನ. ಹನಿ ಗುರುತು ಉಳಿದರೆ ಅದೇ ನೀರಿನಲ್ಲಿ ಐದು ನಿಮಿಷ ನೆನೆಸಿ ಮತ್ತೆ ಒಣಗಿಸಬಹುದು.

ನೆಗೆಟಿವ್ ಓದುವಾಗ ಮೊದಲು ಚಿತ್ರ ನೋಡಬೇಡಿ, ಅಂಚಿನ ಅಂಕಿ ನೋಡಿ. ಅಂಕಿ ಗಾಢವಾಗಿದ್ದು ಚಿತ್ರ ತೆಳುವಾಗಿದ್ದರೆ ಕ್ಯಾಮೆರಾದಲ್ಲಿ ಬೆಳಕು ಸಾಲದಾಗಿದೆ, ನಿಮ್ಮ ತೊಳೆತ ಸರಿ. ಅಂಕಿಯೂ ಮಸುಕಾಗಿದ್ದರೆ ಡೆವಲಪರ್ ಹಳತು ಅಥವಾ ಸಮಯ ಕಡಿಮೆ. ಅಂಕಿ ಇದ್ದು ಚಿತ್ರವೇ ಇಲ್ಲದಿದ್ದರೆ ರೋಲ್ ಕ್ಯಾಮೆರಾದಲ್ಲಿ ಓಡಿಯೇ ಇಲ್ಲ. ಅಂಕಿಯೂ ಇಲ್ಲ, ಚಿತ್ರವೂ ಇಲ್ಲ, ಬರೀ ಗಾಜಿನಂಥ ಪಟ್ಟಿ ಎಂದರೆ ಡೆವಲಪರ್ ಸತ್ತಿದೆ, ಇಲ್ಲವೆ ಮೊದಲು ಸುರಿದದ್ದೇ ಫಿಕ್ಸರ್. ಬಾಟಲಿಗಳಿಗೆ ಬೇರೆ ಬೇರೆ ಬಣ್ಣದ ಬಿರಡೆ ಹಾಕುವುದು ಇದಕ್ಕೇ.

ಕಲರ್ ರೋಲಿನ ಸಿ-41 ಕ್ರಮಕ್ಕೆ ಡೆವಲಪರ್ 37.8 ಡಿಗ್ರಿ, 3 ನಿಮಿಷ 15 ಸೆಕೆಂಡ್. ತಂಪು ಊರಿನವರು ಹೀಟರ್ ಇಟ್ಟು ಕಾಯುವ ಆ ಶಾಖದ ಹತ್ತಿರಕ್ಕೆ ರಾಯಚೂರಿನ ಮೇ ತಿಂಗಳ ಕೋಣೆ ತಾನೇ ಬಂದಿರುತ್ತದೆ, ಟಬ್ಬಿನ ನೀರು ಬೇಗ ಆರುವುದಿಲ್ಲ. ಕಪ್ಪು-ಬಿಳುಪನ್ನು ಚಳಿಗಾಲಕ್ಕೂ ಕಲರನ್ನು ಬೇಸಿಗೆಗೂ ಇಟ್ಟುಕೊಂಡರೆ ಐಸಿನ ಖರ್ಚೇ ಉಳಿಯುತ್ತದೆ.

ಬಳಸಿದ ಫಿಕ್ಸರಿನಲ್ಲಿ ಬೆಳ್ಳಿ ಇರುತ್ತದೆ. ಅದನ್ನು ಬೋರ್ ಹತ್ತಿರದ ಇಂಗುಗುಂಡಿಗೂ ಗಿಡದ ಬುಡಕ್ಕೂ ಸುರಿಯಬೇಡಿ. ಹಳೆಯ ಬಕೆಟ್ಟಿನಲ್ಲಿ ಕೂಡಿಹಾಕಿ, ತುಕ್ಕು ಹಿಡಿಯುವ ಜಾತಿಯ ಕಬ್ಬಿಣದ ಉಣ್ಣೆ ಮುಳುಗಿಸಿ ಒಂದು ವಾರ ಬಿಟ್ಟರೆ ಬೆಳ್ಳಿ ಕರಿ ಕೆಸರಾಗಿ ತಳ ಸೇರುತ್ತದೆ. ಪಾತ್ರೆ ತಿಕ್ಕುವ ಹೊಳೆಯುವ ಸ್ಟೀಲ್ ಗುಂಜು ಇದಕ್ಕೆ ನಡೆಯುವುದಿಲ್ಲ.