ರೆವಿಸ್ತಾ ಅಂದರೆ ಯಾವ ಪತ್ರಿಕೆ? ಸ್ಪೇನಿನಲ್ಲಿ ಬರೆದು ಕಳಿಸುವ ಮುನ್ನ

ಓದಲು, ಸಂಶೋಧನೆ ಮಾಡಲು ಸ್ಪೇನಿಗೆ ಬಂದ ನಮ್ಮವರು ಮೊದಲು ಎಡವುವುದು ಒಂದೇ ಪದದ ಮೇಲೆ. ರೆವಿಸ್ತಾ. ಅಂಗಡಿಯಲ್ಲಿ ತೂಗುಹಾಕಿದ ಫ್ಯಾಷನ್ ಪತ್ರಿಕೆಯೂ ರೆವಿಸ್ತಾ, ಕವಿತೆ-ಪ್ರಬಂಧ ಬರುವ ಸಾಹಿತ್ಯ ಪತ್ರಿಕೆಯೂ ರೆವಿಸ್ತಾ, ಪ್ರೊಫೆಸರ್‌ಗಳು ಬರೆಯುವ ಜರ್ನಲ್ಲೂ ರೆವಿಸ್ತಾ. ಇಂಗ್ಲಿಷಿನಲ್ಲಿ ಮ್ಯಾಗಜಿನ್ ಬೇರೆ, ಜರ್ನಲ್ ಬೇರೆ. ಇಲ್ಲಿ ಹಾಗಿಲ್ಲ. ನಮ್ಮ 'ಪತ್ರಿಕೆ' ಕೂಡ ಹೀಗೇ ಅಲ್ವಾ?

ಅದಕ್ಕೇ ಹೆಸರು ನೋಡಿ ಲೇಖನ ಕಳಿಸಬೇಡಿ. 'ರೆವಿಸ್ತಾ ದೆ ಒಕ್ಸಿದೆಂತೆ' 1923ರಲ್ಲಿ ತತ್ವಜ್ಞಾನಿ ಓರ್ತೆಗಾ ಇ ಗಾಸೆತ್ ಮ್ಯಾಡ್ರಿಡ್‌ನಲ್ಲಿ ಶುರು ಮಾಡಿದ್ದು. ವಿಚಾರ, ಸಾಹಿತ್ಯದಲ್ಲಿ ಆಸಕ್ತಿಯಿರುವ ಯಾರು ಬೇಕಾದರೂ ಓದಬಹುದು. 'ರೆವಿಸ್ತಾ ದೆ ಫಿಲೊಲೊಹಿಯಾ ಎಸ್ಪನ್ಯೋಲಾ' 1914ರಲ್ಲಿ ಭಾಷಾ ವಿದ್ವಾಂಸ ಮೆನೆಂದೆಸ್ ಪಿದಾಲ್ ಶುರು ಮಾಡಿದ್ದು, ಅದು ಪಕ್ಕಾ ವಿದ್ವತ್ ಪತ್ರಿಕೆ.

ಗುರುತಿಸೋದು ಸುಲಭ. ಒಂದು ಲೇಖನದ ಮೊದಲ ಪುಟ ತೆಗೆಯಿರಿ. ಶೀರ್ಷಿಕೆ ಸ್ಪ್ಯಾನಿಷ್‌ನಲ್ಲೂ ಇಂಗ್ಲಿಷಿನಲ್ಲೂ ಇದ್ದು, ಕೆಳಗೆ ರೆಸುಮೆನ್ ಅಂತ ಸಾರಾಂಶ, ಪಾಲಾಬ್ರಾಸ್ ಕ್ಲಾವೆ ಅಂತ ಮುಖ್ಯಪದಗಳು ಇದ್ದರೆ ಅದು ಜರ್ನಲ್. ಅಲ್ಲೇ ಎಲ್ಲಾದರೂ ಎರಡು ತಾರೀಖು ಇರುತ್ತವೆ: ರೆಸಿಬಿದೊ, ಅಂದರೆ ಕೈಸೇರಿದ್ದು, ಆಸೆಪ್ತಾದೊ, ಅಂದರೆ ಒಪ್ಪಿದ್ದು. ಇತ್ತೀಚಿನ ಐದಾರು ಲೇಖನಗಳಲ್ಲಿ ಇವೆರಡರ ನಡುವಿನ ಅಂತರ ಲೆಕ್ಕ ಹಾಕಿ. ನೀವು ಎಷ್ಟು ತಿಂಗಳು ಕಾಯಬೇಕು ಅನ್ನೋದು ಯಾರನ್ನೂ ಕೇಳದೆ ಗೊತ್ತಾಗುತ್ತದೆ.

ಜರ್ನಲ್‌ಗೆ ಕಳಿಸುವಾಗ ಒಂದು ಸಲಕ್ಕೆ ಒಂದೇ ಕಡೆ, ಇದರಲ್ಲಿ ರಾಜಿ ಇಲ್ಲ. ಲೇಖನದ ಪರಿಶೀಲನೆ ದೋಬ್ಲೆ ಸಿಯೆಗೊ (ಎರಡೂ ಕಡೆ ಕುರುಡು) ಅಂದರೆ ಬರೆದವರು ಯಾರು, ಪರಿಶೀಲಿಸುವವರು ಯಾರು ಅಂತ ಇಬ್ಬರಿಗೂ ಗೊತ್ತಿರಬಾರದು. ಹೆಸರು ಅಳಿಸಿದರೆ ಸಾಲದು, 'ನನ್ನ ಹಿಂದಿನ ಲೇಖನದಲ್ಲಿ ಹೇಳಿದಂತೆ' ಅನ್ನುವಂಥ ಸಾಲು ತೆಗೆಯಿರಿ, ಫೈಲಿನ ಪ್ರಾಪರ್ಟೀಸ್‌ನಲ್ಲಿ ಉಳಿದ ಹೆಸರನ್ನೂ ತೆಗೆಯಿರಿ. ಬಹಳಷ್ಟು ಜರ್ನಲ್‌ಗಳು ಇಂಗ್ಲಿಷ್ ಲೇಖನ ತೆಗೆದುಕೊಳ್ಳುತ್ತವೆ. ನೋರ್ಮಾಸ್ ಅಂತ ಇರುವ ನಿಯಮಗಳ ಪುಟದಲ್ಲಿ ಭಾಷೆ ಯಾವುದು ಅಂತ ಮೊದಲು ನೋಡಿ. ಅರೆಬರೆ ಸ್ಪ್ಯಾನಿಷ್‌ನಲ್ಲಿ ಬರೆದು ಒಳ್ಳೆಯ ವಿಷಯ ಹಾಳು ಮಾಡಿಕೊಳ್ಳಬೇಡಿ.

ದುಡ್ಡಿನ ವಿಷಯ. ಪ್ರಕಟಣೆಗೆ ಹಣ ಕೇಳಿದರೆ ಗಾಬರಿಯಾಗಿ ಕಟ್ಟಬೇಡಿ. ಸರ್ಕಾರದ ಸಂಶೋಧನಾ ಮಂಡಳಿ ಸಿಎಸ್ಐಸಿಯ ಜರ್ನಲ್‌ಗಳಲ್ಲಿ ಓದುವುದಕ್ಕೂ ದುಡ್ಡಿಲ್ಲ, ಬರೆಯುವುದಕ್ಕೂ ದುಡ್ಡಿಲ್ಲ. ಹಾಗಂತ ಕಡಿಮೆ ದರ್ಜೆಯವಲ್ಲ. ಎಲ್ಲಿ ಏನಿದೆ ಅಂತ ಹುಡುಕಲು ಲಾ ರಿಯೋಹಾ ವಿಶ್ವವಿದ್ಯಾಲಯದ ದಿಯಾಲ್ನೆತ್ ಅನ್ನುವ ಆನ್‌ಲೈನ್ ಲೇಖನಪಟ್ಟಿ ಸಾಕು. ನಿಮ್ಮ ಗೈಡ್ 'ಅದು ಯಾವ ಇಂಡೆಕ್ಸ್‌ನಲ್ಲಿದೆ', ಅಂದರೆ ಒಳ್ಳೆಯ ಜರ್ನಲ್‌ಗಳ ಯಾವ ಪಟ್ಟಿಯಲ್ಲಿದೆ, ಅಂತ ಪದೇ ಪದೇ ಕೇಳುವುದು ಸುಮ್ನೆ ಅಲ್ಲ. ಇಲ್ಲಿ ಪ್ರೊಫೆಸರ್‌ಗಳು ಆರು ವರ್ಷದ ಕೆಲಸದಲ್ಲಿ ಐದನ್ನು ಆರಿಸಿ ಮೌಲ್ಯಮಾಪನಕ್ಕೆ ಕೊಡುತ್ತಾರೆ, ಅದೇ ಸೆಕ್ಸೆನಿಯೊ. ಅದು ಸಿಕ್ಕರೆ ಸಂಬಳವೂ ಹೆಚ್ಚುತ್ತದೆ.

ಹೊಸಬರಿಗೆ ನನ್ನ ಸಲಹೆ ರೆಸೆನ್ಯಾ, ಅಂದರೆ ಪುಸ್ತಕ ವಿಮರ್ಶೆ. ಮೂರ್ನಾಲ್ಕು ಪುಟ, ಹೊಸ ಪುಸ್ತಕ, ಅಷ್ಟೇ. ಸಂಪಾದಕರ ಪರಿಚಯವೂ ಆಗುತ್ತದೆ. ಕನ್ನಡ ಕವಿತೆಯನ್ನು ಅನುವಾದಿಸಿ ಸಾಹಿತ್ಯ ಪತ್ರಿಕೆಗೆ ಕಳಿಸುವುದಾದರೆ ಕವಿಯ ಅಥವಾ ಅವರ ಮನೆಯವರ ಒಪ್ಪಿಗೆ ಬರಹದಲ್ಲಿ ಇರಲಿ, ಫೋನಿನಲ್ಲಿ 'ಆಯ್ತು' ಅಂದರೆ ಆಗುವುದಿಲ್ಲ.

ಇನ್ನು ಹೆಸರು. ಸ್ಪೇನಿನವರಿಗೆ ಎರಡು ಮನೆತನದ ಹೆಸರು, ಒಂದು ಅಪ್ಪನದು, ಒಂದು ಅಮ್ಮನದು. ನಮಗೋ ಇನಿಷಿಯಲ್, ಊರಿನ ಹೆಸರು, ಅಪ್ಪನ ಹೆಸರು. ನನ್ನ ಮೊದಲ ಲೇಖನ ಒಂದು ಜರ್ನಲ್‌ನಲ್ಲಿ ಅಪ್ಪನ ಹೆಸರಿನಲ್ಲಿ ಪಟ್ಟಿಯಾಯಿತು, ಎರಡನೆಯದು ಇನಿಷಿಯಲ್ ಹೆಸರಿನಲ್ಲಿ. ಹುಡುಕಿದರೆ ಇಬ್ಬರು ಬೇರೆ ಬೇರೆ ಲೇಖಕರು! ಸರಿಪಡಿಸಲು ಪತ್ರದ ಮೇಲೆ ಪತ್ರ ಬರೆಯಬೇಕಾಯಿತು. ಮೊದಲೇ ಆರ್ಕಿಡ್ (ORCID), ಅಂದರೆ ಲೇಖಕರನ್ನು ಗುರುತಿಸುವ 16 ಅಂಕಿಗಳ ಸಂಖ್ಯೆ ಮಾಡಿಸಿಕೊಳ್ಳಿ, ಅದಕ್ಕೆ ದುಡ್ಡಿಲ್ಲ. ಒಂದು ಹೆಸರು ಆರಿಸಿ, ಎಲ್ಲ ಕಡೆ ಅದನ್ನೇ ಬರೆಯಿರಿ. ಮತ್ತೆ, ಆಗಸ್ಟ್‌ನಲ್ಲಿ ಕಳಿಸಿದ ಮೇಲ್‌ಗೆ ಉತ್ತರ ಬರಲಿಲ್ಲ ಅಂತ ಬೇಜಾರಾಗಬೇಡಿ, ದೇಶವೇ ರಜೆಯಲ್ಲಿರುತ್ತದೆ. ಸೆಪ್ಟೆಂಬರ್ ಮಧ್ಯದಲ್ಲಿ ಇನ್ನೊಂದು ಸಲ ಬರೆಯಿರಿ.