ಸೊಳ್ಳೆಗಾಲಕ್ಕೆ ಮೊದಲೇ ಕುದುರೆಗೆ ಲಸಿಕೆ ಹಾಕಿಸುವುದು ಹೇಗೆ?

ಅಮೆರಿಕದಲ್ಲಿ ಕುದುರೆ ಸಾಕುವವರು ಸೊಳ್ಳೆಯಿಂದ ಬರುವ ಎರಡು ಮಿದುಳು ರೋಗಗಳಿಗೆ ಮುಖ್ಯವಾಗಿ ಅಂಜುತ್ತಾರೆ. ಒಂದು, 1999ರಲ್ಲಿ ನ್ಯೂಯಾರ್ಕ್‌ನಲ್ಲಿ ಕಾಣಿಸಿಕೊಂಡು ಕೆಲವೇ ವರ್ಷಗಳಲ್ಲಿ ದೇಶದುದ್ದಕ್ಕೂ ಹರಡಿದ ವೆಸ್ಟ್ ನೈಲ್. ಇನ್ನೊಂದು, ಫ್ಲೋರಿಡಾದಿಂದ ಮ್ಯಾಸಚೂಸೆಟ್ಸ್‌ವರೆಗೆ ಜೌಗು ನೆಲದ ಆಸುಪಾಸಿನಲ್ಲಿ ಬಹುಕಾಲದಿಂದ ಇರುವ ಈಸ್ಟರ್ನ್ ಇಕ್ವೈನ್ ಎನ್ಸೆಫಲೈಟಿಸ್. ವೆಸ್ಟ್ ನೈಲ್‌ನ ಲಕ್ಷಣ ತೋರಿದ ಕುದುರೆಗಳಲ್ಲಿ ಸುಮಾರು ಮೂರರಲ್ಲೊಂದು ಸಾಯುತ್ತದೆ. ಎರಡನೆಯ ರೋಗದಿಂದ ಬದುಕುಳಿಯುವುದೇ ಅಪರೂಪ. ಎರಡಕ್ಕೂ ವೈರಸ್ಸನ್ನು ಕೊಲ್ಲುವ ಔಷಧವಿಲ್ಲ, ಲಸಿಕೆ ಮಾತ್ರ ಇದೆ.

ಈ ವೈರಸ್ಸುಗಳು ನೆಲೆಸಿರುವುದು ಹಕ್ಕಿಗಳಲ್ಲಿ. ಹಕ್ಕಿಯ ರಕ್ತ ಹೀರಿದ ಸೊಳ್ಳೆ ಕಚ್ಚಿದಾಗ ಕುದುರೆಗೆ ರೋಗ ತಗುಲುತ್ತದೆಯೇ ಹೊರತು, ಒಂದು ಕುದುರೆಯಿಂದ ಮತ್ತೊಂದಕ್ಕೆ ಅದು ಹರಡುವುದಿಲ್ಲ. ಹಾಗಾಗಿ ಪಕ್ಕದ ಲಾಯದ ಕುದುರೆಗಳಿಗೆಲ್ಲ ಲಸಿಕೆಯಾಗಿದ್ದರೂ ನಮ್ಮ ಕುದುರೆಗೆ ಅದರಿಂದ ಕಿಂಚಿತ್ತೂ ರಕ್ಷಣೆ ಸಿಗದು. ಪ್ರತಿಯೊಂದಕ್ಕೂ ಅದರದ್ದೇ ಚುಚ್ಚುಮದ್ದು ಬೇಕು. ನಮ್ಮ ಕಡೆ ಮಕ್ಕಳಿಗೆ ಲಸಿಕೆ ಹಾಕಿಸುವ ಜಪಾನೀಸ್ ಎನ್ಸೆಫಲೈಟಿಸ್‌ನ ವೈರಸ್ಸು ವೆಸ್ಟ್ ನೈಲ್‌ನ ಹತ್ತಿರದ ಸಂಬಂಧಿ, ಅದೂ ಕುದುರೆಗಳನ್ನು ಕಾಡುತ್ತದೆ. ಆದರೆ ಒಂದರ ಲಸಿಕೆಯನ್ನು ಇನ್ನೊಂದಕ್ಕೆ ಬಳಸುವಂತಿಲ್ಲ.

ಮೊದಲ ಕೆಲಸ, ದಿನ ಗೊತ್ತುಮಾಡುವುದು. ಎಂದೂ ಲಸಿಕೆ ಕಾಣದ, ಅಥವಾ ಹಿಂದಿನ ದಾಖಲೆಯಿಲ್ಲದ ವಯಸ್ಕ ಕುದುರೆಗೆ 4ರಿಂದ 6 ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕು. ಎರಡನೆಯದು ಬೀಳುವವರೆಗೆ ರಕ್ಷಣೆಯನ್ನು ನೆಚ್ಚಿಕೊಳ್ಳಬಾರದು. ಸೊಳ್ಳೆ ಕಾಣಿಸಿಕೊಳ್ಳುವ ಹೊತ್ತಿಗೆ ಎರಡೂ ಡೋಸ್ ಮುಗಿದಿರಬೇಕಾದ್ದರಿಂದ, ವಸಂತದ ಆರಂಭದಿಂದ ಹಿಂದಕ್ಕೆ ಎಣಿಸಿ ದಿನ ನಿಗದಿಪಡಿಸಬೇಕು. ಆನಂತರ ವರ್ಷಕ್ಕೊಮ್ಮೆ ಬೂಸ್ಟರ್ ಸಾಕು. ಆದರೆ ಸೊಳ್ಳೆ ವರ್ಷಪೂರ್ತಿ ಇರುವ ಫ್ಲೋರಿಡಾದಂಥ ಕಡೆ ಪಶುವೈದ್ಯರು ಆರು ತಿಂಗಳಿಗೊಮ್ಮೆ ಹಾಕಿಸಲು ಹೇಳಬಹುದು.

ಗಬ್ಬದ ಕುದುರೆಗೆ, ಅದು ಹಿಂದೆ ಲಸಿಕೆ ಪಡೆದಿದ್ದರೆ, ಮರಿ ಹಾಕುವ 4ರಿಂದ 6 ವಾರ ಮುಂಚೆ ಬೂಸ್ಟರ್ ಕೊಡಿಸಬೇಕು. ಆಗ ಗಿಣ್ಣುಹಾಲಿನ ಮೂಲಕ ಮರಿಗೂ ರಕ್ಷಣೆ ದಾಟುತ್ತದೆ. ಅಂಥ ತಾಯಿಯ ಮರಿಗೆ 4ರಿಂದ 6 ತಿಂಗಳ ವಯಸ್ಸಿನಲ್ಲಿ ಮೊದಲ ಡೋಸ್, 4ರಿಂದ 6 ವಾರ ಕಳೆದು ಎರಡನೆಯದು, 10ರಿಂದ 12 ತಿಂಗಳಿಗೆ ಮೂರನೆಯದು.

ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಹೆಪ್ಪುಗಟ್ಟಿದ್ದನ್ನು ಅಥವಾ ಬಿಸಿಲಿನ ಕಾರಿನಲ್ಲಿ ಉಳಿದದ್ದನ್ನು ಬಳಸಬಾರದು. ಜ್ವರವಿರುವ ಕುದುರೆಗೆ ಆ ದಿನ ಲಸಿಕೆ ಬೇಡ. ಚುಚ್ಚುವ ಜಾಗ ಕತ್ತಿನ ಸ್ನಾಯು: ಭುಜದ ಮೂಳೆಯ ಮುಂದೆ, ಕೇಸರದ ದಿಂಡಿಗಿಂತ ಕೆಳಗೆ, ಕತ್ತಿನ ಮೂಳೆಗಿಂತ ಮೇಲೆ ಬರುವ ತ್ರಿಕೋನ. ಪೃಷ್ಠದ ಸ್ನಾಯುವಿಗೆ ಚುಚ್ಚಿದಾಗ ಕೀವಾದರೆ ಅದು ಹೊರಹರಿಯುವುದು ಕಷ್ಟ. ಪ್ರತಿ ಕುದುರೆಗೂ ಹೊಸ ಸೂಜಿ, ಹೊಸ ಸಿರಿಂಜ್ ಇರಲಿ. ಲಸಿಕೆಯನ್ನು ಅಲ್ಲಿ ಅಂಗಡಿಯಲ್ಲಿ ಕೊಳ್ಳಬಹುದಾದರೂ ಪಶುವೈದ್ಯರಿಂದಲೇ ಹಾಕಿಸುವುದು ಮೇಲೆಂದು ನನ್ನ ದೃಢ ಅಭಿಪ್ರಾಯ. ತೀವ್ರ ಅಲರ್ಜಿ ಕಾಣಿಸಿಕೊಂಡರೆ ಬೇಕಾಗುವ ಎಪಿನೆಫ್ರಿನ್ ಅವರ ಚೀಲದಲ್ಲಿರುತ್ತದೆ. ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ದಿನಾಂಕಗಳನ್ನು ಬರೆದಿಡಬೇಕು.

ಚುಚ್ಚಿದ ಜಾಗದಲ್ಲಿ ಊತ, ಕತ್ತು ಬಿಗಿತ, ಸಣ್ಣ ಜ್ವರ ಒಂದೆರಡು ದಿನ ಇರಬಹುದು, ಆಗ ವಿಶ್ರಾಂತಿ ಕೊಟ್ಟರೆ ಸಾಕು. ಮೈಮೇಲೆ ದದ್ದು ಎದ್ದರೆ ಅಥವಾ ಉಸಿರಾಟ ಕಷ್ಟವಾದರೆ ತಕ್ಷಣ ವೈದ್ಯರನ್ನು ಕರೆಸಬೇಕು. ಲಸಿಕೆಯಾದರೂ ತೊಟ್ಟಿಯ ನೀರನ್ನು ವಾರಕ್ಕೆ ಒಮ್ಮೆಯಾದರೂ ಚೆಲ್ಲಿ ಹೊಸದಾಗಿ ತುಂಬಬೇಕು.

ಕುದುರೆ ಎಡವತೊಡಗಿದರೆ, ಮೂತಿಯ ಸ್ನಾಯು ಅದುರಿದರೆ, ಹಿಂಗಾಲು ಸೋತರೆ ಲಸಿಕೆಯಾಗಿದೆಯೆಂದು ಸುಮ್ಮನಿರದೆ ಅಂದೇ ವೈದ್ಯರಿಗೆ ತಿಳಿಸಬೇಕು. ರೇಬಿಸ್ ಕೂಡ ಇದೇ ರೀತಿ ತೋರಬಹುದಾದ್ದರಿಂದ, ಅವರು ಬಂದು ನೋಡುವವರೆಗೆ ಅದರ ಬಾಯಿಗೆ ಯಾರೂ ಬರಿಗೈ ಹಾಕಬಾರದು.