ನಲ್ಲೀಲಿ ನೀರಿಲ್ಲ, ಫ್ಲಷ್ ಮಾಡೋ ಹಾಗಿಲ್ಲ: ಆ ನಾಲ್ಕು ದಿನ ಮನೇನ ಕ್ಲೀನಾಗಿ ಇಟ್ಕೊಳೋದು ಹೇಗೆ?

ಪ್ರವಾಹ, ಭೂಕಂಪ, ಬಿರುಗಾಳಿ ಅಂದ ತಕ್ಷಣ ಎಲ್ರೂ ಎತ್ತಿಡೋದು ಟಾರ್ಚು, ಪವರ್‌ಬ್ಯಾಂಕು, ಮಾತ್ರೆ ಡಬ್ಬಿ. ಕಕ್ಕಸಿಗೆ ಏನ್ಮಾಡೋದು ಅಂತ ಯಾರೂ ಕೇಳಲ್ಲ, ಕೇಳೋಕೂ ಒಂಥರಾ ಮುಜುಗರ. ಕರೆಂಟಿಲ್ದೆ ಹೇಗೋ ಇದ್ಬಿಡ್ಬಹುದು, ಊಟ ಅರೆಬರೆ ಆದ್ರೂ ನಡೆಯತ್ತೆ, ಆದ್ರೆ ಇದು ಮಾತ್ರ ಮಾರನೇ ದಿನ ಬೆಳಗಾಗೋದನ್ನೇ ಕಾಯ್ತಿರತ್ತೆ. ವಾಂತಿ ಭೇದಿ ಮನೆಯೆಲ್ಲ ಸುತ್ತೋದೂ ಅಲ್ಲಿಂದ್ಲೇ. ಅದಕ್ಕೆ ನಾನು ಟಾಯ್ಲೆಟ್ಟಿಂದ ಶುರು ಮಾಡ್ತೀನಿ, ನೀರಿನ ವಿಷಯ ಆಮೇಲೆ.

ಮೊದಲ್ನೇ ಕೆಲಸ, ಫ್ಲಷ್ ಮಾಡೋ ಮುಂಚೆ ಒಂದ್ನಿಮಿಷ ನಿಲ್ಲಿ. ಬರೀ ನೀರು ನಿಂತಿದೆ, ಒಳಚರಂಡಿ ಸರಿಯಾಗಿದೆ ಅಂತಾದ್ರೆ ಯೋಚನೆ ಇಲ್ಲ, ಪಾತ್ರೆ ಬಟ್ಟೆ ತೊಳೆದ ನೀರನ್ನೇ ಬಕೆಟ್ಟಲ್ಲಿ ಹಿಡಿದಿಟ್ಟು ಒಂದೇ ಸಲಕ್ಕೆ ರಭಸವಾಗಿ ಸುರೀರಿ, ಮಗ್ಗಲ್ಲಿ ಸ್ವಲ್ಪ ಸ್ವಲ್ಪ ಹುಯ್ದ್ರೆ ನೀರು ದಂಡ ಅಷ್ಟೆ. ಆದ್ರೆ ಕಮೋಡಲ್ಲಿ ಗುಳುಗುಳು ಸದ್ದು ಬರ್ತಿದ್ರೆ, ಬಚ್ಚಲ ಜಾಲರಿಯಿಂದ ನೀರು ಮೇಲಕ್ಕೇಳ್ತಿದ್ರೆ, ಇಲ್ಲಾ ಭೂಕಂಪ ಆಗಿ ಪೈಪ್ ಒಡೆದಿದ್ಯೋ ಏನೋ ಗೊತ್ತಿಲ್ದಿದ್ರೆ ಫ್ಲಷ್ ಪೂರ್ತಿ ಬಂದ್. ನೀವು ಸುರಿದಿದ್ದು ಕೆಳಗಿನ ಮನೆಯವರ ಬಚ್ಚಲಲ್ಲಿ ಏಳ್ಬಹುದು.

ಆಗ ಬೇಕಾಗೋದು ಎರಡು ಬಕೆಟ್ಟು. 2011ರ ಫೆಬ್ರವರಿಯಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಭೂಕಂಪ ಆಗಿ ಒಳಚರಂಡಿ ಪೈಪು ಒಡೆದುಹೋಗಿ ಜನ ತುಂಬಾ ದಿನ ತಾತ್ಕಾಲಿಕ ಟಾಯ್ಲೆಟ್ಟುಗಳಲ್ಲೇ ಕಾಲ ಹಾಕ್ಬೇಕಾಯ್ತು, ಈ ಎರಡು ಬಕೆಟ್ಟಿನ ಉಪಾಯ ಅಲ್ಲಿ ಚೆನ್ನಾಗಿ ಬಳಕೆಗೆ ಬಂತು. ಒಂದು ಮೂತ್ರಕ್ಕೆ, ಇನ್ನೊಂದು ಮಲಕ್ಕೆ. ಎರಡೂ ಸೇರಿದ್ರೇನೇ ಆ ಕೆಟ್ಟ ನಾತ, ಬೇರೆ ಬೇರೆ ಇಟ್ರೆ ನಂಬೋಕಾಗದಷ್ಟು ಕಮ್ಮಿ. ಮೂತ್ರಕ್ಕೆ ನೀರು ಬೆರೆಸಿ ಬಾವಿ ಬೋರ್‌ವೆಲ್ಲಿಂದ ದೂರ ಮಣ್ಣಿಗೆ ಹುಯ್ಯಬಹುದು. ಇನ್ನೊಂದು ಬಕೆಟ್ಟಿಗೆ ದಪ್ಪನೆ ಕಸದ ಕವರ್ ಒಂದರೊಳಗೊಂದು ಎರಡು ಹಾಕಿ, ತಳಕ್ಕೆ ಮರದ ಹೊಟ್ಟು, ಒಣಗಿದೆಲೆ, ಬೂದಿ ಅಥವಾ ಹರಿದ ನ್ಯೂಸ್‌ಪೇಪರ್ ಹರಡಿ, ಪ್ರತಿ ಸಲ ಆದ್ಮೇಲೂ ಏನೂ ಕಾಣದ ಹಾಗೆ ಅದನ್ನೇ ಮೇಲೆ ಮುಚ್ಚಿ. ನೀರು ಮಾತ್ರ ಬೀಳಬಾರ್ದು, ಒದ್ದೆಯಾದ್ರೆ ನಾತ ನೊಣ ಎರಡೂ ಗ್ಯಾರಂಟಿ, ತೊಳ್ಕೊಳೋರು ಪಕ್ಕದ ಬಕೆಟ್ಟಲ್ಲಿ ತೊಳ್ಕೊಳ್ಳಿ. ಅರ್ಧ ತುಂಬ್ತಿದ್ದ ಹಾಗೇ ಕವರ್ ಕಟ್ಟಿ ಮುಚ್ಚಳ ಇರೋ ಡ್ರಮ್ಮಿಗೆ ಹಾಕಿ, ಪೂರ್ತಿ ತುಂಬಲಿ ಅಂತ ಕಾಯ್ಬೇಡಿ, ಹೊರೋವಾಗ ಗೊತ್ತಾಗತ್ತೆ ಕಷ್ಟ. ಹೂಳೋ ಜಾಗ ಇದ್ರೆ ನೀರಿನ ಮೂಲದಿಂದ ಕನಿಷ್ಠ 30 ಮೀಟರ್ ದೂರ ಇರಲಿ, ಕವರ್ ಸಮೇತ ಹೂಳ್ಬೇಡಿ. ಮಗೂದು ಅಲ್ವಾ ಏನಾಗತ್ತೆ ಅಂತ ಡೈಪರ್‌ನ ಮೂಲೇಲಿ ಎಸೆಯೋದು ಬೇಡ, ರೋಗಾಣು ವಯಸ್ಸು ನೋಡಲ್ಲ. ಪ್ಯಾಡುಗಳ್ನೂ ಪೇಪರಲ್ಲಿ ಸುತ್ತಿ ಬೇರೆ ಕವರಲ್ಲಿಡಿ, ಕಮೋಡಿಗಂತೂ ಹಾಕ್ಲೇಬೇಡಿ.

ಆಮೇಲೆ ಕೈ. ಬಕೆಟ್ ಪಕ್ಕದಲ್ಲೇ ಸೋಪು ನೀರು ಇರ್ಬೇಕು, ಅಡುಗೆಮನೇಲಿದೆ ಅಂದ್ರೆ ಯಾರೂ ಹೋಗಲ್ಲ. ಒಂದು ಪ್ಲಾಸ್ಟಿಕ್ ಬಾಟ್ಲಿ ತಗೊಂಡು, ಮೊಳೆ ಬಿಸಿ ಮಾಡಿ ತಳದ ಹತ್ರ ಸಣ್ಣ ತೂತು ಮಾಡಿ, ನೀರು ತುಂಬಿ ಮುಚ್ಚಳ ಬಿಗಿ ಮಾಡಿ. ಮುಚ್ಚಳ ಬಿಗಿಯಾಗಿದ್ರೆ ನೀರು ನಿಲ್ಲತ್ತೆ, ಸಡಿಲ ಮಾಡಿದ್ರೆ ಸಣ್ಣ ದಾರದ ಹಾಗೆ ಬೀಳತ್ತೆ, ಅದೇ ನಿಮ್ಮ ನಲ್ಲಿ. ಕೈ ಒದ್ದೆ ಮಾಡಿ, ನೀರು ನಿಲ್ಸಿ, 20 ಸೆಕೆಂಡ್ ಸೋಪು ತಿಕ್ಕಿ, ಮತ್ತೆ ಬಿಟ್ಟು ತೊಳೀರಿ, ಒಂದು ಲೋಟ ನೀರಲ್ಲಿ ಮುಗಿಯತ್ತೆ. ಸ್ಯಾನಿಟೈಸರಲ್ಲಿ ಆಲ್ಕೋಹಾಲ್ ಕನಿಷ್ಠ 60% ಇರ್ಬೇಕು, ಆದ್ರೆ ಮಣ್ಣು ಜಿಡ್ಡು ಮೆತ್ತಿದ ಕೈಗೆ ಅದು ಅಷ್ಟಾಗಿ ಕೆಲಸ ಮಾಡಲ್ಲ.

ಈಗ ನೀರು. ಪರಿಹಾರ ಶಿಬಿರಗಳಲ್ಲಿ ಕುಡಿಯೋದು, ಅಡುಗೆ, ಸ್ವಚ್ಛತೆ ಎಲ್ಲಾ ಸೇರಿ ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ಅಂತ ಲೆಕ್ಕ, ನಾಲ್ಕು ಜನಕ್ಕೆ 60. ಕುಡಿಯೋ ನೀರಿನ ಪಾತ್ರೆ ಬೇರೆ, ಅದರ ಸೌಟು ಬೇರೆ, ಇದ್ರಲ್ಲಿ ರಾಜಿ ಇಲ್ಲ. ಒಮ್ಮೆ ನಮ್ಮನೇಲಿ ಮೂರು ದಿನ ನೀರು ನಿಂತಾಗ ಕತ್ತಲಲ್ಲಿ ನಾನೇ ಬಚ್ಚಲ ಮಗ್ಗನ್ನ ಕುಡಿಯೋ ನೀರಿನ ಡ್ರಮ್ಮಿಗೆ ಅದ್ದಿಬಿಟ್ಟೆ, ಅಷ್ಟೂ ನೀರು ಟಾಯ್ಲೆಟ್ ಪಾಲಾಯ್ತು, ಆವತ್ತಿಂದ ಆ ಡ್ರಮ್ಮಿನ ಮುಚ್ಚಳಕ್ಕೆ ಕೆಂಪು ಟೇಪು. ಗೀಸರ್ ಟ್ಯಾಂಕಲ್ಲೂ ನೀರಿರತ್ತೆ, ತುಂಬಾ ಜನಕ್ಕೆ ಹೊಳೆಯೋದೇ ಇಲ್ಲ, ಸ್ವಿಚ್ ಆಫ್ ಮಾಡಿ ಆರಿದ್ಮೇಲೆ ಇಳಿಸ್ಕೊಳ್ಳಿ, ಕುಡಿಯೋಕಾದ್ರೆ ಕುದಿಸಿ.

ಬಗ್ಗಡ ಇದ್ರೆ ಮೊದಲು ಬಟ್ಟೇಲಿ ಸೋಸಿ. ಕುದಿ ಬಂದ್ಮೇಲೆ ಒಂದು ನಿಮಿಷ ಕೊತಕೊತ ಕುದಿಸಿ, 2000 ಮೀಟರಿಗಿಂತ ಎತ್ತರದ ಜಾಗ ಆದ್ರೆ ಮೂರು ನಿಮಿಷ. ಗ್ಯಾಸಿಲ್ಲ ಅಂದ್ರೆ ವಾಸನೆ ಬಣ್ಣ ಸೇರಿಸದ ಲಿಕ್ವಿಡ್ ಬ್ಲೀಚು, ಲೇಬಲ್ ಮೇಲೆ ಸೋಡಿಯಂ ಹೈಪೊಕ್ಲೋರೈಟ್ 5ರಿಂದ 9% ಅಂತಿದ್ರೆ ಲೀಟರಿಗೆ 2 ಹನಿ ಹಾಕಿ ಕಲಕಿ 30 ನಿಮಿಷ ಬಿಡಿ. ಅದೂ ಇಲ್ವಾ, ಬಣ್ಣ ಇಲ್ಲದ ಪೆಟ್ ಬಾಟ್ಲೀಲಿ ತಿಳಿ ನೀರು ತುಂಬಿ ಮಲಗಿಸಿ 6 ಗಂಟೆ ಚುರುಕು ಬಿಸಿಲಲ್ಲಿಡಿ, ಮೋಡ ಇದ್ರೆ ಎರಡು ದಿನ. ಡೀಸೆಲ್ಲೋ ಕೆಮಿಕಲ್ಲೋ ಸೇರಿದೆ ಅಂತ ಡೌಟಿದ್ರೆ ಇದ್ಯಾವುದೂ ಕೆಲಸಕ್ಕೆ ಬರಲ್ಲ, ಆ ನೀರು ಬಿಟ್ಬಿಡಿ.

ಫ್ರಿಜ್ಜು: ಕರೆಂಟ್ ಹೋಗಿ 4 ಗಂಟೆ ಆಗೋವರೆಗೂ ಬಾಗಿಲು ತೆಗೀದಿದ್ರೆ ಒಳಗಿಂದು ಓಕೆ. ಆಮೇಲೆ ಹಾಲು, ಮಾಂಸ, ಉಳಿದ ಅಡುಗೆ ಎಲ್ಲಾ ಬಿಸಾಕಿ, ರುಚಿ ನೋಡಿ ತೀರ್ಮಾನ ಮಾಡೋಕೆ ಹೋಗ್ಬೇಡಿ.

ಪ್ರವಾಹದ ನೀರು ಒಳಗೆ ನುಗ್ಗಿ ಇಳಿದಿದ್ರೆ ಮೊದಲು ಮೈನ್ ಸ್ವಿಚ್ ಆಫ್ ಇದ್ಯಾ ನೋಡಿ, ಆದ್ರೆ ಅದನ್ನ ಮುಟ್ಟೋಕೆ ನೀರಲ್ಲಿ ನಿಲ್ಬೇಕು ಅಂತಾದ್ರೆ ಎಲೆಕ್ಟ್ರಿಷಿಯನ್ ಬರೋವರೆಗೂ ಒಳಗೆ ಕಾಲಿಡ್ಬೇಡಿ. ಬೂಟು ಗ್ಲೌಸ್ ಹಾಕಿ, ಕಾಲಲ್ಲಿ ಗಾಯ ಇದ್ರೆ ನೀವು ದೂರ ಇರಿ, ಇಲಿ ಜ್ವರದ ಬ್ಯಾಕ್ಟೀರಿಯಾ ಒಳಗೆ ಹೋಗೋದು ಅಲ್ಲಿಂದ್ಲೇ. ಕೆಸರು ಎತ್ತಿ, ಸೋಪು ನೀರಲ್ಲಿ ಉಜ್ಜಿ, ಕೊನೇಗೆ ಬ್ಲೀಚು, 10 ಲೀಟರ್ ನೀರಿಗೆ ಸುಮಾರು 125 ಮಿಲಿ. ಕೆಸರಿನ ಮೇಲೇ ಬ್ಲೀಚ್ ಸುರಿಯೋರು ತುಂಬಾ ಜನ, ಅದು ದುಡ್ಡು ಸುರಿದ ಹಾಗೆ, ಕೊಳೆಯೇ ಅದನ್ನ ಕುಡಿದುಬಿಡತ್ತೆ. ಟಾಯ್ಲೆಟ್ ಆಸಿಡ್ ಜೊತೆ ಮಾತ್ರ ಬ್ಲೀಚ್ ಸೇರಿಸ್ಬೇಡಿ, ಕ್ಲೋರಿನ್ ಗ್ಯಾಸ್ ಏಳತ್ತೆ. ಕಿಟಕಿ ತೆಗೆದಿಡಿ, 24ರಿಂದ 48 ಗಂಟೆ ಒಳಗೆ ಒಣಗದ ಹಾಸಿಗೆ ದಿಂಬಿಗೆ ಬೂಷ್ಟು ಹಿಡಿಯತ್ತೆ, ಕೊಳಚೆ ನೀರು ಕುಡಿದ ಹಾಸಿಗೆ ಒಣಗಿದ್ರೂ ಬೇಡ.

ಇಷ್ಟು ಮಾಡಿದ್ರೂ ಯಾರಿಗಾದ್ರೂ ಭೇದಿ ಶುರುವಾದ್ರೆ ಒಂದು ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಚಮಚದ ಅಂಚಿಗೆ ಸಮ ಮಾಡಿ ಹಾಕಿ ಗುಟುಕು ಗುಟುಕಾಗಿ ಕುಡಿಸಿ. ರಕ್ತ ಕಂಡ್ರೆ, ಮಗು ತೂಕಡಿಸ್ತಾ ಏಳ್ತಾನೇ ಇಲ್ಲ ಅಂದ್ರೆ ಡಾಕ್ಟರ್ ಹತ್ರ ಓಡಿ.

ನಲ್ಲೀಲಿ ನೀರು ಬಂತು ಅಂತ ಖುಷೀಲಿ ಮೊದಲ ನೀರನ್ನೇ ಕುಡಿಯೋಕೆ ಹಿಡೀಬೇಡಿ, ಕೆಂಪು ಹೋಗಿ ತಿಳಿಯಾಗೋವರೆಗೂ ಬರೋದನ್ನ ಫ್ಲಷ್ಷಿಗೆ ಇಟ್ಕೊಳ್ಳಿ. ಆ ಎರಡು ಬಕೆಟ್ಟನ್ನ ಬ್ಲೀಚಲ್ಲಿ ತೊಳೆದು ಬಿಸಿಲಲ್ಲಿ ಒಣಗ್ಸಿ, ಮೇಲೆ ಪೇಂಟಲ್ಲಿ ದೊಡ್ಡದಾಗಿ ಗುರುತು ಹಾಕಿ ಅಟ್ಟಕ್ಕೇರಿಸಿ, ಇಲ್ಲಾಂದ್ರೆ ಮುಂದಿನ ವಾರ ಯಾರೋ ಅದ್ರಲ್ಲೇ ಬಟ್ಟೆ ನೆನೆಸಿರ್ತಾರೆ.